ಹನ್ನೊಂದು ಶಾರ್ಟ್

ರಿಜಿಸ್ಟರಿನಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದದ್ದು ಎರಡೇ ಪದ: ಇಲೆವೆನ್ ಶಾರ್ಟ್. ಗುಂಡಿನ ಹನ್ನೊಂದು ಖಾಲಿ ಕೇಸುಗಳ ಉದ್ದ ಕಡಿಮೆ ಎಂಬುದು ನನ್ನ ಅರ್ಥ. ಹನ್ನೊಂದು ಕೇಸು ಕಾಣೆಯಾಗಿವೆ ಎಂದು ಕ್ಲಬ್ಬಿನ ಸಾಹೇಬರು ಓದಿಕೊಂಡರು.

ವಾಟ್ಸಾಪ್ ಇನ್ನೂ ಬಾರದ ಕಾಲ. ಬಹ್ರೇನಿನಲ್ಲಿ, ರಿಫಾದ ಆಚೆಗಿದ್ದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನನಗೆ ಕೆಲಸ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸುಗಳನ್ನು ತೊಳೆದು, ವರ್ನಿಯರ್ ಮಾಪಕದಿಂದ ಅಳೆದು, ಮತ್ತೆ ತುಂಬಿಸಲು ಕಳುಹಿಸಬೇಕು. ನೆಲಕ್ಕೆ ಬಿದ್ದ ಕೇಸುಗಳನ್ನು ಆರಿಸಿ ತರುತ್ತಿದ್ದವನು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಹೆಂಡತಿಯನ್ನು ಕರೆಸಿಕೊಳ್ಳಲು ಕಾಗದಪತ್ರ ಮಾಡಿಸುತ್ತಿದ್ದ. ದಿನಕ್ಕೆ ಮೂರು ಸಲ ಅದೇ ಮಾತು. ನನಗೆ ಬೇಸರವೂ ಬರುತ್ತಿತ್ತು.

ಒಂದು ಮೂಟೆ ಕೇಸುಗಳನ್ನು ನಾನು ಅಳೆಯದೆ, ಕಣ್ಣಂದಾಜಿನಲ್ಲೇ ಪಾಸು ಮಾಡಿದ್ದೆ. ಸೋಮಾರಿತನ, ಬೇರೇನಲ್ಲ. ಅವು ತುಂಬಿ, ಹಾರಿ, ವಾಪಸು ಬಂದ ಮೇಲೆ ಅಳೆದರೆ ಹನ್ನೊಂದು ಗಿಡ್ಡ. ಸುಮಾರು ಎರಡು ಮಿಲಿಮೀಟರ್ ಕಡಿಮೆ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಗುಜರಿ ಡ್ರಮ್ಮಿಗೆ ಎಸೆದೆ. ಮಧ್ಯಾಹ್ನ ಗುಜರಿಯವರು ಡ್ರಮ್ ಒಯ್ದರು. ಸಂಜೆ ರಿಜಿಸ್ಟರ್ ಬರೆದೆ.

ಮರುದಿನ ಬೆಳಿಗ್ಗೆ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಸೈನ್ಯದಿಂದ ನಿವೃತ್ತರಾಗಿದ್ದ ಬಹ್ರೇನಿ. ನಮ್ಮೊಂದಿಗೆ ಹಿಂದಿ. ಕೇಸು ಕಳೆದುಹೋಗುವುದೆಂದರೆ ಆ ಕ್ಲಬ್ಬಿನಲ್ಲಿ ಸಣ್ಣ ವಿಷಯವಲ್ಲ, ಆರಿಸಿ ತರುವವನ ಮೇಲೇ ಮೊದಲ ಅನುಮಾನ. ಶಾರ್ಟ್ ಅಂದರೆ ಉದ್ದ ಕಡಿಮೆ ಸರ್, ಎಂದೆ. ತೋರಿಸಲು ಒಂದೂ ಉಳಿದಿರಲಿಲ್ಲ.

"ಛೋಟಾ ಹೈ ತೋ ಫೈರ್ ನಹೀ ಹೋತಾ," ಎಂದರು ಅವರು. ಡ್ರಾಯರಿನಿಂದ ಅಷ್ಟೇ ಗಿಡ್ಡವಾದ ಬೇರೊಂದು ಕೇಸು ತೆಗೆದರು. ಮದ್ದಿಲ್ಲ, ಗುಂಡಿಲ್ಲ, ತಳದಲ್ಲಿ ಪಿನ್ ಬಡಿದರೆ ಸಿಡಿಯುವ ಕ್ಯಾಪ್ ಮಾತ್ರ. ಅದನ್ನು ಬೆರಳಿನಿಂದ ಪಿಸ್ತೂಲಿನ ಚೇಂಬರಿಗೆ ಹಾಕಿ, ಹಿಂದಕ್ಕೆಳೆದಿದ್ದ ಸ್ಲೈಡ್ ಬಿಟ್ಟು, ಟ್ರಿಗರ್ ಎಳೆದರು. ಟಿಕ್ ಎಂದಿತು, ಅಷ್ಟೆ. ಸರಿಯಾದ ಕೇಸಿನ ಬಾಯಿ ಚೇಂಬರಿನೊಳಗಿನ ಅಂಚಿಗೆ ತಾಗಿ ನಿಲ್ಲುತ್ತದೆ. ಗಿಡ್ಡ ಕೇಸು ಮುಂದಕ್ಕೆ ಜಾರಿತ್ತು, ಫೈರಿಂಗ್ ಪಿನ್ ಅದನ್ನು ಮುಟ್ಟಲಿಲ್ಲ.

"ನಿನ್ನೆ ಒಂದೂ ಠುಸ್ ಆಗಿಲ್ಲ. ಹಾಗಾದರೆ ನಿನ್ನ ಹನ್ನೊಂದು ಹೇಗೆ ಹಾರಿದವು?"

ಹೇಗೆಂದು ನನಗೆ ಗೊತ್ತಿತ್ತು. ಯಾರೂ ಬೆರಳಿನಿಂದ ಗುಂಡು ಹಾಕುವುದಿಲ್ಲ, ಹಿಡಿಯೊಳಗಿನ ಮ್ಯಾಗಜೀನಿನಿಂದ ಮೇಲೆ ಬರುತ್ತದೆ. ಬರುವಾಗ ಕೇಸಿನ ತಳದ ಅಂಚು ಎಕ್ಸ್‌ಟ್ರಾಕ್ಟರಿನ ಕೊಕ್ಕೆಯೊಳಗೆ ಸೇರಿಕೊಳ್ಳುತ್ತದೆ. ಖಾಲಿ ಕೇಸನ್ನು ಹೊರಗೆಳೆಯಲು ಇರುವ ಕೊಕ್ಕೆ ಅದು. ಗಿಡ್ಡ ಕೇಸನ್ನೂ ಮುಂದೆ ಜಾರಲು ಬಿಡದೆ ಹಿಂದೆಯೇ ಹಿಡಿದಿರುತ್ತದೆ. ಪಿನ್ ಬಡಿಯುತ್ತದೆ, ಗುಂಡು ಹಾರುತ್ತದೆ, ಹೊಡೆದವನಿಗೆ ತಿಳಿಯುವುದೂ ಇಲ್ಲ.

ಅದನ್ನು ಹೇಳಿದರೆ ಮುಂದಿನ ಪ್ರಶ್ನೆ: ಅಳೆಯದೆ ಪಾಸು ಮಾಡಿದ್ದು ಯಾರು? ಗುಫೂಲಿನಲ್ಲಿದ್ದ ನಮ್ಮ ಫ್ಲ್ಯಾಟು, ಮಗಳ ಸ್ಕೂಲು, ಎಲ್ಲವೂ ನನ್ನ ವೀಸಾದ ಮೇಲೆ ನಿಂತಿದ್ದವು.

"ಸರ್, ಅಳೆದದ್ದು ಇವ್ರು. ಇವ್ರನ್ನೇ ಕೇಳಿ," ಎಂದು ಕೇಸು ಆರಿಸುವವನು ಹಿಂದಿಯಲ್ಲಿ ಹೇಳಿ ನನ್ನ ಕಡೆ ತಿರುಗಿದ. ಆಮೇಲೆ ಕನ್ನಡದಲ್ಲಿ, "ಹೇಳಿ ಮಾರಾಯ್ರೆ, ನಿಮಗೆ ಗೊತ್ತುಂಟಲ್ಲ."

"ಗೊತ್ತಿಲ್ಲ ಸರ್," ಎಂದೆ.

ವಾರದೊಳಗೆ ಅವನ ವೀಸಾ ಕ್ಯಾನ್ಸಲ್ ಆಯಿತು. ಏರ್‌ಪೋರ್ಟಿಗೆ ನನ್ನ ಕಾರಿನಲ್ಲೇ ಬಿಟ್ಟೆ. ದಾರಿಯಲ್ಲಿ ಏಸಿ ಜಾಸ್ತಿಯಾಯಿತಾ ಎಂದು ಕೇಳಿದೆ, ಸಾಕು ಎಂದ. ಇಳಿಯುವಾಗ ನನ್ನ ಕೈ ಹಿಡಿದು, ದುವಾ ಮಾಡಿ ಎಂದ. ನನಗೆ ಏನೂ ಅನಿಸಲಿಲ್ಲ. ಅಳು ಬರಬಹುದೆಂದು ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿದೆ, ಬರಲಿಲ್ಲ. ಮರುದಿನ ಕೆಲಸಕ್ಕೆ ಹೋಗಿ ಕೇಸು ಅಳೆದೆ. ಎಲ್ಲವನ್ನೂ ಅಳೆಯತೊಡಗಿದ್ದೆ.

ಎರಡು ತಿಂಗಳ ನಂತರ ಸಾಹೇಬರ ಟೇಬಲ್ಲಿನ ಮೇಲೆ ಅದೇ ಗಿಡ್ಡ ಅಳತೆಯ, ಕ್ಯಾಪ್ ಹಾಕಿದ ಇನ್ನೊಂದು ಕೇಸು ಬಿದ್ದಿತ್ತು. ಧೈರ್ಯ ಬಂತು ಎನ್ನಲಾರೆ, ಕೈ ಹೋಯಿತು, ಅಷ್ಟೆ. ಅವರ ಅನುಮತಿ ಕೇಳಿ ಪಿಸ್ತೂಲಿನ ಮ್ಯಾಗಜೀನಿಗೆ ಹಾಕಿ, ಸ್ಲೈಡ್ ಬಿಟ್ಟು, ಟ್ರಿಗರ್ ಎಳೆದೆ. ಪಟ್ ಎಂದು ಕ್ಯಾಪ್ ಸಿಡಿಯಿತು. ಅವರು ತಾವೇ ಡ್ರಾಯರಿನಿಂದ ಬೇರೆ ಕೇಸು ತೆಗೆದು ಇನ್ನೆರಡು ಸಲ ಮಾಡಿ ನೋಡಿದರು.

"ಅಂದರೆ ಅವನು ಕದ್ದಿರಲಿಲ್ಲ," ಎಂದರು.

"ಇಲ್ಲ ಸರ್. ಅಳೆಯದೆ ಬಿಟ್ಟದ್ದು ನಾನು."

"ಖಲಾಸ್," ಎಂದರು ಅವರು. ರಿಜಿಸ್ಟರ್ ತರಿಸಿ, ಶಾರ್ಟ್ ಎಂಬುದರ ಮುಂದೆ 'ಉದ್ದದಲ್ಲಿ' ಎಂದು ಬರೆಸಿದರು. ನನಗೆ ಆದ ಶಿಕ್ಷೆ ಅಷ್ಟೇ. ಎರಡು ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ.

ಆ ಶುಕ್ರವಾರ ಕಾಲಿಂಗ್ ಕಾರ್ಡ್ ಉಜ್ಜಿ ಅವನಿಗೆ ಫೋನ್ ಮಾಡಿದೆ. ನಿನ್ನ ಮೇಲಿನ ಆರೋಪ ಹೋಯಿತು ಎಂದೆ. ಅಲ್‌ಹಮ್ದುಲಿಲ್ಲಾ ಎಂದ, ಪಕ್ಕದಲ್ಲಿದ್ದ ಹೆಂಡತಿಗೂ ಬ್ಯಾರಿ ಭಾಷೆಯಲ್ಲಿ ಹೇಳಿದ.

"ಅದು ಹೇಗೆ ಗೊತ್ತಾದದ್ದು ಮಾರಾಯ್ರೆ ಅವರಿಗೆ?"

ಮ್ಯಾಗಜೀನು, ಕೊಕ್ಕೆ, ಪಿನ್ನು, ಎಲ್ಲ ವಿವರಿಸಿದೆ.

"ಇದು ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಫೋನ್ ಇಡಲಿಲ್ಲ, ಬೈಯಲೂ ಇಲ್ಲ. ನಾನೂ ಇಡಲಿಲ್ಲ. ಕಾರ್ಡ್ ಮುಗಿದು ಲೈನು ತಾನಾಗಿ ಕಟ್ಟಾಗುವವರೆಗೆ ಇಬ್ಬರೂ ಹಾಗೇ ಇದ್ದೆವು.