ತೊಟ್ಟಿಲಿಗೆ ಎರಡು ಕೌದಿ

ಮಗಳ ಚೊಚ್ಚಲ ಕೂಸು ನನ್ನ ಕೌದಿಯ ಮೇಲೆಯೇ ಮಲಗಬೇಕು, ಜಗಳೂರಿನ ಬೀಗತಿಯದರ ಮೇಲಲ್ಲ. ಅಷ್ಟೇ ನನ್ನ ಆಸೆ. ಬಾಣಂತನ ಬಸವಾಪಟ್ಟಣದ ನಮ್ಮ ಮನೆಯಲ್ಲಿ; ಎಣ್ಣೆ, ನೀರು, ಪಥ್ಯ ಎಲ್ಲ ನಾನು ಮಾಡಿ, ಹೆಸರು ಮಾತ್ರ ಅವರಿಗೆ ಹೋಗಬೇಕೆ? ಬೀಗತಿಯ ಹೊಲಿಗೆಯನ್ನು ಮಗಳು ಫೋನಿನಲ್ಲಿ ಕಿವಿ ತೂತು ಬೀಳುವಷ್ಟು ಹೊಗಳಿದ್ದಳು. "ನಮ್ಮತ್ತೆ ಹೊಲ್ದ್ರೆ ನೋಡಾಕೆ ಎರಡು ಕಣ್ಣು ಸಾಲಲ್ಲವ್ವ." ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಹಠಕ್ಕೆ ಬಿದ್ದು ಹೊಸ ಬಟ್ಟೆಯನ್ನೇ ತಂದೆ. ಕೌದಿಗೆ ಯಾರಾದರೂ ಹೊಸ ಬಟ್ಟೆ ಹಾಕುತ್ತಾರೆಯೇ ಎಂದು ಪಕ್ಕದ ಮನೆಯಾಕೆ ನಕ್ಕರೂ ಕೇಳಲಿಲ್ಲ. ಹಸಿರು ಪಾಪ್ಲಿನ್‌ನಲ್ಲಿ ವೀಳ್ಯದೆಲೆ ಕತ್ತರಿಸಿ, ನಡುವೆ ಅಡಿಕೆ ಹೂವಿನ ಹಳದಿ ಹಿಂಗಾರದ ಗೊಂಚಲು ಕೂರಿಸಿ, ಅಂಚಿಗೆ ನಮ್ಮಜ್ಜಿ ಹೊಲಿಯುತ್ತಿದ್ದ ಹಾಗೆ ಕೆಂಪು ಮೂರುಮೂಲೆ ತುಂಡುಗಳನ್ನು ಜೋಡಿಸಿದೆ. ಚೆನ್ನಾಗಿತ್ತು ಕಣ್ರೀ, ಸುಳ್ಳೇಕೆ ಹೇಳಲಿ.

ತೊಟ್ಟಿಲ ಶಾಸ್ತ್ರದ ದಿನ ಬೀಗತಿ ಬಸ್ಸಿಳಿದು ಬಂದರು, ಕಂಕುಳಲ್ಲಿ ಒಂದು ಸುರುಳಿ. ಬಿಚ್ಚಿ ಹಾಸಿದರು. ಒಣಹುಲ್ಲಿನ ಬಣ್ಣದ ನೆಲದ ಮೇಲೆ ಬಿಳಿ, ಕರಿ ಚಿಂದಿಯ ಕುರಿಗಳು ಸಾಲುಗಟ್ಟಿ ಗೋಕಟ್ಟೆಗೆ ನೀರು ಕುಡಿಯಲು ಹೊರಟಿವೆ. ಕೊನೆಯ ಮರಿಯೊಂದು ಮಾತ್ರ ತಿರುಗಿ ನಮ್ಮನ್ನೇ ನೋಡುತ್ತಿದೆ. ಆ ಮರಿಯನ್ನು ಕಂಡೇ ನನಗೆ ಮೈಯೆಲ್ಲ ಉರಿದುಹೋಯಿತು. ಬಂದ ಹೆಂಗಸರೆಲ್ಲ ಅದರ ಸುತ್ತಲೇ ಕೂತರು.

ಆದರೂ ತೊಟ್ಟಿಲಿಗೆ ನನ್ನದನ್ನೇ ಹಾಸಿದೆ. ಕೂಸು ಕಿಟಾರನೆ ಕಿರುಚಿತು. ಎತ್ತಿದೆ, ಮಲಗಿಸಿದೆ, ಮತ್ತೆ ಎತ್ತಿದೆ.

"ಹೊಸ ಬಟ್ಟೆ ಒರಟೈತೆ ಕಣವ್ವ, ತೆಗಿ ಅತ್ಲಾಗೆ," ಅಂದಳು ಮಗಳು.

ಬೀಗತಿ ನನ್ನದನ್ನು ತೆಗೆದು ತಮ್ಮದನ್ನು ಹಾಸಿದರು. ಮಲಗಿಬಿಟ್ಟಿತಲ್ಲ, ಕಳ್ಳಕೂಸು!

ಬಗ್ಗಿ ನೋಡಿದೆ. ಮುಂದಿನ ಕುರಿಗಳು ಬಾಯಿ ಹಾಕಿದ್ದ ಆ ಕಂದು ಗೋಕಟ್ಟೆ ನನಗೆ ಗುರುತಿನದು. ಅಡಿಕೆ ಬೇಯಿಸುವಾಗ ಅದರ ಚೊಗರು ನೀರು ನನ್ನ ಸೀರೆಯ ಮೇಲೆ ಚೆಲ್ಲಿ ಆದ ಕಲೆ ಅದು. ಎಷ್ಟು ಒಗೆದರೂ ಹೋಗಲಿಲ್ಲವೆಂದು ಆ ಸೀರೆ ಉಡುವುದನ್ನೇ ಬಿಟ್ಟಿದ್ದೆ. ಮದುವೆಯಲ್ಲಿ ಮಗಳ ಪಾತ್ರೆಗಳು ನಗ್ಗದಿರಲೆಂದು ಅದರಲ್ಲಿ ಸುತ್ತಿ ಕಳಿಸಿದ್ದೆ.

"ನನ್ ಸೀರೆ ಅಲ್ವೇನ್ರೀ ಇದು?"

"ಹೂಂ ಕಣ್ರೀ. ಉಟ್ಟು ಉಟ್ಟು ಮೆತ್ತಗಾಗಿತ್ತು, ಎಸೆಯಾಕೆ ಮನಸು ಬರ್ಲಿಲ್ಲ. ಕಲೆ ನೋಡಿದ್ರೆ ನಮ್ಮೂರ ಗೋಕಟ್ಟೆ ಇದ್ದಂಗೇ ಇತ್ತು," ಎಂದರು ಬೀಗತಿ.

ಆ ಕಲೆಗೆ ನಿಂಬೆಹಣ್ಣು ಉಜ್ಜಿ ಉಜ್ಜಿ ಸೋತವಳು ನಾನು. ನನಗೇಕೆ ಅದರಲ್ಲಿ ನೀರು ಕಾಣಲಿಲ್ಲ? ನನ್ನ ಸೀರೆಯೇ ಅವರ ಕಡೆ ಸೇರಿಕೊಂಡಿತಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು.

ಈಗ ನನ್ನ ಹೊಸ ಕೌದಿಯ ಮೇಲೆ ನಾನೇ ಮಲಗುತ್ತಿದ್ದೇನೆ. ಹೊರಳಾಡಿ ಹೊರಳಾಡಿ ಸವೆಸುತ್ತೇನೆ. ಎರಡನೇ ಕೂಸು ಬರುವಷ್ಟರಲ್ಲಿ ಮೆತ್ತಗಾಗಲಿ.

ನಿನ್ನೆ ಬೀಗತಿ ಫೋನ್ ಮಾಡಿದ್ದರು. "ಕೂಸು ನನ್ ಕೌದಿ ಮೇಲೆ ಚೆನ್ನಾಗಿ ಮಲಗ್ತೈತೇನ್ರೀ?"

"ನನ್ ಸೀರೆ ಮೇಲೆ ಮಲಗೈತೆ," ಎಂದು ಫೋನ್ ಇಟ್ಟುಬಿಟ್ಟೆ.