ಹುಳುಮನೆಯೊಳಗೆ ಬೀಡಿ ಘಾಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರಿಂದಲೋ ಕೇಳಿ ಬರೆಯುತ್ತಿಲ್ಲ, ನಾನೇ ಅನುಭವಿಸಿದ್ದು. ಎಂಬತ್ತರ ದಶಕದ ಒಂದು ಚಳಿಗಾಲ. ನನ್ನ ಮಗಳು ಪದ್ಮಾಗೆ ಆಗ ನಾಲ್ಕು ವರ್ಷ.

ಹಿಂದೂಪುರದಿಂದ ರೊದ್ದಂ ಕಡೆ ಹೋಗುವ ದಾರಿಯಲ್ಲಿ ನನ್ನ ಗಂಡನ ಮನೆ. ರೇಷ್ಮೆ ಹುಳು ಸಾಕುತ್ತಿದ್ದೆವು. ಒಂದು ದೊಡ್ಡ ಕೋಣೆ, ಮೇಲೆ ಬಿದಿರಿನ ತಟ್ಟೆಗಳಲ್ಲಿ ಹುಳು, ಕೆಳಗೆ ನೆಲದ ಮೇಲೆ ನಾವು. ನಡುರಾತ್ರಿ ಎದ್ದು ಸೊಪ್ಪು ಹಾಕಬೇಕಲ್ಲ, ಅದಕ್ಕೇ ಅತ್ತೆ, ನಾನು, ಪದ್ಮಾ ಅಲ್ಲೇ ಮಲಗುತ್ತಿದ್ದೆವು.

ಹುಳುವಿಗೆ ಬೀಡಿ ಆಗದು. ತಂಬಾಕಿನ ಕೈಯಲ್ಲಿ ಸೊಪ್ಪು ಮುಟ್ಟಿದರೂ ಹಸಿರು ಕಕ್ಕಿಕೊಂಡು ಸಾಯುತ್ತವೆ. ಹಾಗಾಗಿ ಬೀಡಿ ಸೇದುವವರು ಆ ಹೊಸ್ತಿಲು ದಾಟುವಂತಿರಲಿಲ್ಲ. ನಮ್ಮ ಮನೆಯವರು ಜಗಲಿಯಲ್ಲೇ ಮಲಗುತ್ತಿದ್ದರು. ಮಾವನೂ ಅಷ್ಟೇ. ಹಿಂದಿನ ಚಳಿಗಾಲ ಅವರು ಜ್ವರದಲ್ಲಿ ನಡುಗುತ್ತಾ, ಒಂದು ರಾತ್ರಿ ಹುಳುವಿಗೆಂದು ಒಳಗಿಟ್ಟ ಕೆಂಡದ ಹತ್ತಿರ ಮಲಗುತ್ತೇನೆಂದು ಬಾಗಿಲು ಬಡಿದು ಬೇಡಿಕೊಂಡಿದ್ದರು.

“ಆ ಬೀಡಿ ಬಾಯಿ ಒಳಿಕ್ಕೆ ಬರಂಗಿಲ್ಲ” ಎಂದರು ಅತ್ತೆ, ಮಲಗಿದ್ದಲ್ಲಿಂದಲೇ.

ಬೆಳಿಗ್ಗೆ ಮಾವ ಜಗಲಿಯಲ್ಲೇ ತಣ್ಣಗಾಗಿದ್ದರು. ಆ ರಾತ್ರಿ ನಾನೂ ಎಚ್ಚರವಿದ್ದೆ. ನಾನೂ ಏಳಲಿಲ್ಲ.

ಚಳಿಯಲ್ಲಿ ಹುಳು ಸರಿಯಾಗಿ ಮೇಯುವುದಿಲ್ಲ ಎಂದು ಅತ್ತೆ ಕಬ್ಬಿಣದ ಬಾಂಡ್ಲಿಯ ತುಂಬ ಇದ್ದಿಲು ಹೊತ್ತಿಸಿ ಒಳಗಿಡುತ್ತಿದ್ದರು. ಹೊಗೆಯೆಲ್ಲ ಹೊರಗೇ ಹೋಗಿ, ನಿಗಿನಿಗಿ ಕೆಂಡವಾದ ಮೇಲೆ ಒಳಗೆ. ಹೊಗೆಯೇ ಇಲ್ಲವಲ್ಲ, ಇನ್ನೇನು ಭಯ? ಮಾವ ಹೋದ ಮರುವರ್ಷ, ಹುಳುವಿನ ಮೇಲೆ ಮೊಟ್ಟೆಯಿಡುವ ನೊಣದ ಕಾಟವೆಂದು ಕಿಟಕಿ ಸಂದಿಗಳಿಗೆಲ್ಲ ಗೋಣಿಚೀಲ ತುರುಕಿದ್ದರು. ದಿನಾ ಬೆಳಿಗ್ಗೆ ನನಗೆ ತಲೆ ಸಿಡಿಯುತ್ತಿತ್ತು. ಹೇಳಿದರೆ ಕೆಲಸಗಳ್ಳಿ ಎಂಬ ಬಿರುದು.

ಹೀಗಿರುವಾಗ ಒಂದು ರಾತ್ರಿ ನಮ್ಮ ಮನೆಯವರು ಹಿಂದೂಪುರಕ್ಕೆ ಹೋದವರು ಬಂದಿರಲಿಲ್ಲ. ಜಗಲಿ ಖಾಲಿ. ಹುಳುಗಳು ಸೊಪ್ಪು ತಿನ್ನುವ ಸದ್ದು ಜಿಟಿಜಿಟಿ ಮಳೆಯ ಹಾಗೆ ಒಂದೇ ಸಮ ಕೇಳುತ್ತಿತ್ತು. ಹಾಗೇ ನಿದ್ದೆ ಬಂತು.

ಎಷ್ಟು ಹೊತ್ತಾಗಿತ್ತೋ... ಮೂಗಿಗೆ ಬೀಡಿ ಘಾಟು ಬಡಿಯಿತು.

ಹೊರಗಿನದಲ್ಲ. ಒಳಗೇ... ಯಾರೋ ನನ್ನ ಮುಖದ ಮೇಲೆ ಬಗ್ಗಿ ಊದಿದಷ್ಟು ಹತ್ತಿರ. ಹಿಂದೆಯೇ ಕೆಮ್ಮು. ಒಣ ಕೆಮ್ಮು, ಎರಡು ಸಲ.

ಹೆದರಿಕೆಯಾಗಲಿಲ್ಲ, ಸಿಟ್ಟು ನೆತ್ತಿಗೇರಿತು. ಇವರೇ ಕಡೇ ಬಸ್ಸಿಗೆ ಬಂದು ಬೀಡಿ ಹಚ್ಚಿಕೊಂಡು ಒಳಗೆ ನುಗ್ಗಿದ್ದಾರೆ, ಹುಳು ಸತ್ತರೆ ಅತ್ತೆ ನನ್ನನ್ನು ಹರಿದು ತಿನ್ನುತ್ತಾರೆ ಅಂದುಕೊಂಡೆ. ಬೈದು ಆಚೆ ದಬ್ಬಲು ಏಳಹೋದರೆ ಕಾಲಲ್ಲಿ ಶಕ್ತಿಯೇ ಇಲ್ಲ. ನಾಲಿಗೆ ಹೊರಳದು. ಮಂಡಿಯೂರಿ ತೆವಳಿದೆ. ಘಾಟು ಮುಂದೆ ಮುಂದೆ, ನಾನು ಹಿಂದೆ... ಬಾಗಿಲ ಅಗಳಿ ಒಳಗಿನಿಂದ ಹಾಕಿದಂತೆಯೇ ಇತ್ತು. ಹಾಗಿದ್ದರೆ ಇವರು ಹೇಗೆ ಬಂದರು ಎಂದು ಕೇಳಿಕೊಳ್ಳುವಷ್ಟೂ ಬುದ್ಧಿ ಓಡಲಿಲ್ಲ. ಅಗಳಿ ಎಳೆದು ಹೊರಗೆ ಬಿದ್ದೆ.

ಜಗಲಿಯ ಮೇಲೆ ಯಾರೂ ಇರಲಿಲ್ಲ.

ತಣ್ಣನೆಯ ಗಾಳಿ ಬಡಿದು, ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿಕೊಂಡ ಮೇಲೆ ಪದ್ಮಾ ನೆನಪಾದಳು. ಗೋಡೆ ಹಿಡಿದು ಒಳಗೆ ಹೋಗಿ ಕಾಲು ಹಿಡಿದು ಎಳೆದುತಂದೆ. ಕತ್ತು ಜೋಲುಬಿದ್ದಿತ್ತು. ಕೆನ್ನೆಗೆ ಹೊಡೆದೆ. ಅಳಲಿಲ್ಲ... ಮುಖಕ್ಕೆ ನೀರೆರಚಿ ಮತ್ತೆ ಹೊಡೆದೆ. ಕೊನೆಗೆ ಮಗು ಚಿಟ್ಟನೆ ಚೀರಿತು, ನನಗೆ ಹೋದ ಜೀವ ಬಂದಂತಾಯಿತು.

ಅತ್ತೆ ಇನ್ನೂ ಒಳಗೇ ಇದ್ದರು. ಸುಳ್ಳೇಕೆ ಹೇಳಲಿ, ಅಲ್ಲೇ ಬಿಟ್ಟುಬಿಡೋಣ ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ ಹೋಗಿ ತೋಳು ಹಿಡಿದು ಎಳೆದೆ.

ಕಣ್ಣು ಬಿಟ್ಟವರ ಮೊದಲ ಮಾತು, “ಬಾಗ್ಲು ಯಾಕ್ ತೆಗ್ದೆ? ಹುಳ ತಣ್ಣಗಾಯ್ತವೆ.”

ಬೆಳಿಗ್ಗೆ ಹಿಂದೂಪುರದ ಡಾಕ್ಟರು ಎಲ್ಲ ಕೇಳಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದ್ದಕ್ಕೆ ಚೆನ್ನಾಗಿ ಬೈದರು. “ಬೊಗ್ಗುಲ ಗ್ಯಾಸಮ್ಮಾ. ದಾನಿಕಿ ವಾಸನ ಉಂಡದು” ಎಂದರು. ಇದ್ದಿಲ ಗ್ಯಾಸಿಗೆ ವಾಸನೆಯೇ ಇಲ್ಲವಂತೆ, ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರಂತೆ. ಹಾಗಾದರೆ ಬೀಡಿ ಘಾಟು ಎಲ್ಲಿಂದ ಬಂತು ಎಂದೆ. ತಲೆಗೆ ಗ್ಯಾಸು ಏರಿದಾಗ ಏನೇನೋ ಅನ್ನಿಸುತ್ತದೆ ಎಂದರು. ನಾನೂ ಒಪ್ಪಿಕೊಂಡೆ.

ಮನೆಗೆ ಬಂದು ಹುಳು ನೋಡುವವರೆಗೆ ಮಾತ್ರ.

ನಮ್ಮನ್ನು ಕೆಡವಿದ ಕೆಂಡದ ಪಕ್ಕದ ಹುಳುಗಳು ಏನೂ ಆಗದಂತೆ ಮೇಯುತ್ತಿದ್ದವು. ಆದರೆ ನನ್ನ ಹಾಸಿಗೆಯಿಂದ ಬಾಗಿಲವರೆಗಿನ ತಟ್ಟೆಗಳ ಸಾಲಿನಲ್ಲಿ ಒಂದು ಹುಳುವೂ ಉಳಿದಿರಲಿಲ್ಲ. ಎಲ್ಲ ಹಸಿರು ಕಕ್ಕಿಕೊಂಡು ಸತ್ತಿದ್ದವು... ತಂಬಾಕು ಸೋಕಿದ ಹಾಗೆ.

ಅತ್ತೆ ಬೈಯಲಿಲ್ಲ. ತಟ್ಟೆಯನ್ನೇ ನೋಡುತ್ತಾ ನಿಂತವರು, ಉಸಿರಿನಷ್ಟು ಮೆಲ್ಲಗೆ ಅಂದರು, “ಕೊನೆಗೂ ಒಳಿಕ್ಕೆ ಬಂದ್ಬುಟ್ಟ ಕಣಮ್ಮ, ನಿಮ್ಮಾವ.”

ಆ ಬೆಳೆಯೇ ಕೊನೆ, ಹುಳು ಸಾಕುವುದನ್ನು ಬಿಟ್ಟೆವು. ತಾತ ಬಂದು ನಮ್ಮನ್ನು ಉಳಿಸಿದ ಎಂದು ಪದ್ಮಾ ಈಗ ತನ್ನ ಮಕ್ಕಳಿಗೆ ಹೇಳುತ್ತಾಳೆ. ನಾನು ಸುಮ್ಮನೆ ಹೂಂ ಅನ್ನುತ್ತೇನೆ. ಆದರೆ ಆ ಕೆಮ್ಮನ್ನು ಕೇಳಿದವಳು ನಾನು. ಅದರಲ್ಲಿ ಕರುಣೆ ಇರಲಿಲ್ಲ... ಅವರು ಬಡಿದ ರಾತ್ರಿ ಬಾಗಿಲು ತೆಗೆಯದೆ ಮಲಗಿದವರಲ್ಲಿ ನಾನೂ ಒಬ್ಬಳು ಅಂತ ಮಾವನಿಗೆ ಗೊತ್ತಿತ್ತು.