ಬೆಲ್ಲದ ಪಾಕ, ಹಲ್ಲಿನ ಸೆಟ್ಟು

ಒಲೆಯ ಮೇಲೆ ಬೆಲ್ಲದ ಪಾಕ ಇನ್ನೇನು ಎಳೆ ಬರುವುದರಲ್ಲಿತ್ತು. ವಾಸನೆಗೆ ಅಡುಗೆಮನೆಗೆ ಬಂದ ಮೊಮ್ಮಗಳು ಧೃತಿ, ಕೈ ಚಾಚುವುದು ಬಿಟ್ಟು ಕೆನ್ನೆ ಹಿಡಿದುಕೊಂಡು ನಿಂತಳು.

"ಡಾಕ್ಟ್ರು ಬೆಲ್ಲಾನೂ ಬೇಡ ಅಂದ್ರಲ್ಲ ಅಜ್ಜಿ."

ವಿಷಯ ಹೇಳಿಬಿಡುತ್ತೇನೆ. ಶೆಟ್ಟಿಹಳ್ಳಿ ಬಡಾವಣೆಯ ನಮ್ಮ ರಸ್ತೆಯ ಮಕ್ಕಳಿಗೆ ಈಗ ಹ್ಯಾಲೋವೀನ್ ಅಂತ ಒಂದು ಹಬ್ಬ ಬಂದಿದೆ. ದೆವ್ವದ ವೇಷ ಹಾಕಿ ಮನೆಮನೆಗೂ ಹೋಗಿ ಚಾಕ್ಲೇಟ್ ಕೇಳುತ್ತವೆ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ನಾವು ಕೊಟ್ಟು ಬರುತ್ತಿದ್ದೆವು, ಇವು ಇಸ್ಕೊಂಡು ಬರುತ್ತವೆ. ನನ್ನದೇನೂ ತಕರಾರಿಲ್ಲ. ಆದರೆ ಹೋದ ವಾರ ತಾನೇ ಶಿರಾ ಗೇಟಿನ ಹತ್ತಿರದ ಡಾಕ್ಟರು ಧೃತಿಯ ಹುಳುಕು ಹಲ್ಲಿಗೆ ಸಿಮೆಂಟು ತುಂಬಿ, ಅಂಟುವ ಸಿಹಿ ಯಾವುದೂ ಬೇಡ ಎಂದಿದ್ದರು. ಆ ಸಂಜೆ ಬರುವ ಮಕ್ಕಳಿಗೆಂದು ಸೊಸೆ ತಂದ ಚಾಕ್ಲೇಟ್ ಪೊಟ್ಟಣ ಎತ್ತಿಟ್ಟು, ಮನೆಯದೇ ವಾಸಿ ಎಂದು ನಾನು ಕಡಲೆಕಾಯಿ ಉಂಡೆಗೆ ಪಾಕ ಇಟ್ಟಿದ್ದೆ. ಚಾಕ್ಲೇಟ್ ವಿಷ, ಬೆಲ್ಲ ಔಷಧಿ. ನನ್ನ ಓದು ಇಷ್ಟೇ.

ಒಲೆ ಆರಿಸಿದೆ. ತಟ್ಟೆಗೆ ಬಿದ್ದಿದ್ದ ಒಂದು ಹನಿ ಪಾಕ ಉಗುರಲ್ಲಿ ಕೆರೆದರೂ ಏಳಲಿಲ್ಲ. ಆಗ ನಮ್ಮತ್ತೆ ನೆನಪಾದಳು.

ಅತ್ತೆಯ ತವರಿನಲ್ಲಿ ಆಲೆಮನೆ ಇತ್ತಂತೆ. ಬಿಸಿ ಬೆಲ್ಲ ಕಡ್ಡಿಗೆ ಸುತ್ತಿ ನೆಕ್ಕುತ್ತಲೇ ಬೆಳೆದವಳು. ಕುಣಿಗಲ್ ಕಡೆಯ ನಾನು ಸಿ.ಎಸ್. ಪುರಕ್ಕೆ ಸೊಸೆಯಾಗಿ ಬರುವ ಹೊತ್ತಿಗೆ ಅವಳ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ, ಬಾಯಲ್ಲಿ ಒಂದು ಹಲ್ಲಿರಲಿಲ್ಲ. ಮುದ್ದೆಗೆ ಹಲ್ಲು ಬೇಡ ಬಿಡಿ, ನುಂಗಿದರಾಯಿತು. ಆದರೆ ಹೊಲದ ಕಡಲೆಕಾಯಿ ತಾನೇ ಕಿತ್ತು, ತಾನೇ ಹುರಿದು, ಒಂದು ಕಾಳನ್ನೂ ಅಗಿಯಲಾರಳು. ಬೀದಿಯ ಮಕ್ಕಳನ್ನು ಕರೆದು ಹಂಚುತ್ತಿದ್ದಳು. ಜೊತೆಗೆ ಒಂದು ಚೂರು ಬೆಲ್ಲ ಕೇಳಿದರೆ ಮಾತ್ರ ಗದರುತ್ತಿದ್ದಳು. ಊರಿನವರು ಜಿಪುಣಿ ಎಂದರು, ನಾನೂ ಹೌದೆಂದುಕೊಂಡೆ. ಜೇಬು ತುಂಬಿಕೊಂಡು ಓಡುವವರನ್ನೂ ಬಿಡುತ್ತಿರಲಿಲ್ಲ.

"ಇಲ್ಲೇ ಕುಂತ್ಕೊಂಡ್ ತಿನ್ರಲಾ. ಕಟಕಟ ಅನ್ನೋದು ನನ್ ಕಿವಿಗೂ ಬೀಳ್ಲಿ."

ಇದೆಂಥ ಹುಚ್ಚು ಎಂದುಕೊಂಡಿದ್ದೆ. ಆಗ ನನ್ನ ಬಾಯಲ್ಲಿ ಹಲ್ಲುಗಳೆಲ್ಲ ಇದ್ದವು. ಈಗಿರುವುದು ಕಟ್ಟಿಸಿದ ಸೆಟ್ಟು.

ಉಂಡೆ ಕೈಬಿಟ್ಟೆ. ಹುರಿಗಡಲೆ, ಹುರಿದ ಕಡಲೆಕಾಯಿ, ಕೊಬ್ಬರಿ ಚೂರು, ಸೀಬೆಕಾಯಿ ಹೋಳು ತಟ್ಟೆಗೆ ಜೋಡಿಸಿದೆ. ಧೃತಿಗೆ ಅಳುವೇ ಬಂತು. ಎಲ್ಲರೂ ನಗುತ್ತಾರೆ, ಇನ್ನು ಮೇಲೆ ಆಟಕ್ಕೂ ಸೇರಿಸಿಕೊಳ್ಳುವುದಿಲ್ಲ ಎಂದಳು. ಅವಳು ಹೇಳುವುದರಲ್ಲೂ ಸುಳ್ಳಿಲ್ಲ. ಎಂಟು ವರ್ಷದವಳಿಗೆ ಹಲ್ಲಿಗಿಂತ ಗೆಳತಿಯರು ದೊಡ್ಡವರು. ಆದರೂ ನಾನು ತಟ್ಟೆ ಬದಲಿಸಲಿಲ್ಲ.

ಸಂಜೆ ದೆವ್ವಗಳು ಬಂದವು. ಮಾಟಗಾತಿಯ ಟೋಪಿ ಹಾಕಿದ್ದ ಧೃತಿ ಬಾಗಿಲ ಹಿಂದೆ ಅವಿತಳು. ಬೆಡ್‌ಶೀಟ್ ಹೊದ್ದ ದೆವ್ವವೊಂದು ತಟ್ಟೆ ಇಣುಕಿ ನೋಡಿತು.

"ಚಾಕ್ಲೇಟ್ ಇಲ್ವಾ ಅಜ್ಜಿ? ಪಕ್ಕದ್ಮನೇಲಿ ಎರಡೆರಡು ಕೊಟ್ರು."

"ಅದನ್ನೇ ತಿಂತಿದ್ರೆ ಕೊನೇಗ್ ಏನ್ ಸಿಗುತ್ತೆ ಗೊತ್ತೇನ್ಲಾ?" ಎಂದು ಮೇಲಿನ ಸೆಟ್ಟು ತೆಗೆದು ಅಂಗೈ ಮೇಲಿಟ್ಟೆ.

ದೆವ್ವಗಳೆಲ್ಲ ಕಿರುಚಿಕೊಂಡು ಗೇಟಿನವರೆಗೆ ಓಡಿದವು. ಅಲ್ಲಿ ನಿಂತು ತಿರುಗಿ ನೋಡಿದವು. ಆಮೇಲೆ ಒಂದೊಂದಾಗಿ ವಾಪಸು ಬಂದು ಇನ್ನೊಂದು ಸಲ ತೋರಿಸಿ ಎಂದವು. ಕೊಟ್ಟಿದ್ದನ್ನು ತಿಂದರೆ ತೋರಿಸುತ್ತೇನೆ ಎಂದೆ. ಅಷ್ಟರಲ್ಲಿ ಟೋಪಿ ಸರಿ ಮಾಡಿಕೊಳ್ಳುತ್ತಾ ಧೃತಿ ಹೊರಗೆ ಬಂದಳು.

"ನಮ್ಮಜ್ಜಿ ಕೆಳಗಿಂದೂ ತೆಗೀತಾರೆ ಕಣ್ರೋ."

ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿನ್ನತೊಡಗಿದವು. ನಾನೂ ಮಾತಿನಂತೆ ಮೇಲಿನದು, ಕೆಳಗಿನದು ಎರಡೂ ತೆಗೆದು ತೋರಿಸಿದೆ. ನಡುವೆ ಧೃತಿ, ಸಿಮೆಂಟಿಲ್ಲದ ಕಡೆಯಿಂದ ಕೊಬ್ಬರಿ ಕಡಿಯುತ್ತಿದ್ದಳು. ಬೆಡ್‌ಶೀಟಿನವನು ಜೇಬು ತುಂಬಿಕೊಂಡು ಎದ್ದ. ಇಲ್ಲೇ ಕುಂತ್ಕೊಂಡ್ ತಿನ್ಲಾ ಎಂದೆ. ಹಲ್ಲಿಲ್ಲದ ಬಾಯಿಂದ ಬಂದ ದನಿ ಥೇಟ್ ಅತ್ತೆಯದು.

ಅವನು ಕೂತ. ನಾನು ಸೆಟ್ಟನ್ನು ಕೈಯಲ್ಲೇ ಇಟ್ಟುಕೊಂಡು, ಆ ಕಟಕಟ ಮುಗಿಯುವವರೆಗೂ ಅಲ್ಲೇ ಇದ್ದೆ.